ಕಟ್ಟಿಗೆ ಹಳೇದು, ಪುಡಿ ಹೊಸಾದು: ಹುಬ್ಬಳ್ಳಿ-ಧಾರವಾಡದ ತಬಲಾ ದುರಸ್ತಿ ಹೇಗಿದೆ?

ಹಳೆ ತಬಲಾ ದುರಸ್ತಿಗೆ ತಂದವರ ಬಾಯಲ್ಲಿ ಸಾಮಾನ್ಯವಾಗಿ ಬರುವ ಮಾತು: "ನಮ್ಮಪ್ಪಾರು ಬಾರಿಸೂವಾಗ ಹೆಂಗಿತ್ತು, ಹಂಗ ನಾದ ಬರಬೇಕ್ರೀ." ಅಂಗಡಿಯವರು "ಬರ್ತೈತಿ ತಗೋರಿ" ಅಂದು ಚೀಟಿ ಬರೆದುಕೊಳ್ಳುತ್ತಾರೆ. ಇಬ್ಬರಿಗೂ ಗೊತ್ತಿದ್ದು ಇಬ್ಬರೂ ಆಡದ ಸಂಗತಿ ಒಂದಿದೆ. ಅಪ್ಪನ ಕೈಯಲ್ಲಿ ನುಡಿದ ಚರ್ಮ ಯಾವತ್ತೋ ಹರಿದು ಹೋಗಿದೆ. ದಿನಾ ರಿಯಾಜ್ ಮಾಡುವವರ ತಬಲಾದ ಪುಡಿ, ಅಂದರೆ ಬಾಯಿಗೆ ಬಿಗಿದ ಚರ್ಮದ ಹೊದಿಕೆ, ಒಂದೆರಡು ವರ್ಷ ಬಾಳಿದರೆ ಹೆಚ್ಚು. ನಲವತ್ತು ವರ್ಷದ ತಬಲಾ ಅಂದರೆ ನಲವತ್ತು ವರ್ಷದ ಕಟ್ಟಿಗೆ, ನಲವತ್ತು ವರ್ಷದ ತಾಮ್ರ (ಎಡಗೈಯಿಂದ ಬಾರಿಸುವ ಡಗ್ಗಾದ್ದು), ಅಷ್ಟೇ. ಪುಡಿ, ಅದರ ಅಂಚಿಗೆ ಹೆಣೆದ ಚರ್ಮದ ಬಳೆಯಂಥ ಗಜರಾ, ಅದನ್ನು ಕೆಳಕ್ಕೆ ಬಿಗಿಯುವ ಚರ್ಮದ ದಾರವಾದ ವಾದಿ ಎಲ್ಲ ನಡುವೆ ಬಂದು ಹೋದವು.

ಹಾಗಂತ ಆ ಮಮತೆ ಸುಳ್ಳಲ್ಲ. ಬಾಯಿಯ ಅಗಲ, ಅಂಚಿನ ದಪ್ಪ, ಒಳಗಿನ ಪೊಳ್ಳು, ಒಟ್ಟು ತೂಕ ಇವೆಲ್ಲ ಕಟ್ಟಿಗೆಯಲ್ಲೇ ಉಳಿದಿವೆ. ತಬಲಾ ಯಾವ ಸ್ವರದಲ್ಲಿ ನೆಮ್ಮದಿಯಿಂದ ನಿಲ್ಲುತ್ತದೆ ಎಂಬುದನ್ನು ತೀರ್ಮಾನಿಸುವುದು ಇವೇ. ಆದ್ದರಿಂದ ಅವಳಿ ನಗರದಲ್ಲಿ ಸಿಗುವ ದುರಸ್ತಿಯನ್ನು ಎರಡು ಪ್ರಶ್ನೆ ಇಟ್ಟುಕೊಂಡು ನೋಡಿದ್ದೇವೆ. ನಿಜವಾಗಿ ಹಳೇದಾಗಿ ಉಳಿದ ಕಟ್ಟಿಗೆ-ತಾಮ್ರಕ್ಕೆ ಎಷ್ಟು ಕಡಿಮೆ ಕೈ ಹಚ್ಚುತ್ತಾರೆ? ಹೊಸದಾಗಿ ಬರಲೇಬೇಕಾದ ಪುಡಿಯ ಮೇಲೆ ಎಷ್ಟು ಲಕ್ಷ್ಯ ಕೊಡುತ್ತಾರೆ?

ಇಲ್ಲಿ ಕೆಲಸ ಮಾಡಿಸಲು ಮೂರು ದಾರಿ. ಒಂದು, ಕೈಯಿಂದಲೇ ಪುಡಿ ಕಟ್ಟುವ ಕುಶಲಕರ್ಮಿಗಳು. ಬಹುಮಟ್ಟಿಗೆ ಮನೆಯಲ್ಲೋ ಸಣ್ಣ ಕೋಣೆಯಲ್ಲೋ ಕೂತು ಕೆಲಸ ಮಾಡುತ್ತಾರೆ, ಬೋರ್ಡು ಇರುವುದಿಲ್ಲ, ತಬಲಾ ಮಾಸ್ತರರನ್ನು ಕೇಳಿಯೇ ವಿಳಾಸ ಹಿಡಿಯಬೇಕು. ಎರಡು, ವಾದ್ಯದ ಅಂಗಡಿಗಳು. ಹಾರ್ಮೋನಿಯಂ, ಗಿಟಾರ್, ತಾಳ ಎಲ್ಲ ಮಾರುತ್ತಾರೆ, ತಬಲಾ ಇಸಿದುಕೊಂಡು ಕೆಲಸವನ್ನು ಬೇರೆಯವರಿಂದ ಮಾಡಿಸುತ್ತಾರೆ, ಒಮ್ಮೊಮ್ಮೆ ಮಿರಜ ಅಥವಾ ಪುಣೆಯ ಕಡೆ ಕಳಿಸುತ್ತಾರೆ. ಮೂರು, ಆನ್‌ಲೈನಿನಲ್ಲಿ ತಯಾರಿ ಪುಡಿ ತರಿಸಿ ಇಲ್ಲಿ ಯಾರ ಕೈಯಿಂದಾದರೂ ಕಟ್ಟಿಸುವುದು. ಮೂರನೆಯದನ್ನು ಇಲ್ಲಿಗೇ ಮುಗಿಸಿಬಿಡುತ್ತೇವೆ: ಹೊಸ ತಬಲಾಕ್ಕೆ ನಡೆದೀತು, ಹಳೆ ಕಟ್ಟಿಗೆಗೆ ಬೇಡ. ಹಳೆ ಬಾಯಿ ಪೂರ್ತಿ ದುಂಡಗೆ ಇರುವುದೇ ಅಪರೂಪ. ಒಂದು ಕಡೆಯಿಂದ ಅಳೆದರೆ 5½ ಇಂಚು, ಅಡ್ಡ ಹಿಡಿದು ಅಳೆದರೆ ಒಂದು ಕೂದಲು ಕಮ್ಮಿ. ಅಚ್ಚಿಗೆ ಹೊಲಿದ ಪುಡಿ ಒಂದು ಬದಿ ಬಿಗಿದು ಇನ್ನೊಂದು ಬದಿ ಸುಕ್ಕುಗಟ್ಟುತ್ತದೆ. ಹತ್ತಕ್ಕೆ ಮೂರು ಅಂಕ.

ಯಾರ ಹತ್ತಿರವೇ ಒಯ್ಯಿರಿ, ಕೊಡುವ ಮುಂಚೆ ಮನೆಯಲ್ಲಿ ಅರ್ಧ ತಾಸಿನ ಕೆಲಸ ಇದೆ. ಇದನ್ನು ಬಿಟ್ಟವರೇ ಆಮೇಲೆ "ಆ ನಾದ ಬರಲಿಲ್ಲ" ಎನ್ನುವುದು. ಹಳೆ ಪುಡಿ ಇನ್ನೂ ಹರಿದಿಲ್ಲವಾದರೆ ಮೊಬೈಲಿನಲ್ಲಿ ನಾ, ತಿನ್, ತೂಂ ಮೂರು ಬೋಲುಗಳನ್ನೂ (ಪೆಟ್ಟುಗಳನ್ನೂ) ಬೇರೆಬೇರೆಯಾಗಿ ಮುದ್ರಿಸಿಕೊಳ್ಳಿ. ಡಗ್ಗಾದ ಘೆ ಕೂಡ ಇರಲಿ. ಶಾಯಿಯ, ಅಂದರೆ ಚರ್ಮದ ನಡುವಿನ ಕಪ್ಪು ವೃತ್ತದ, ಅಡ್ಡಗಲ ಅಳೆಯಿರಿ. ಚಾಟ್, ಅಂದರೆ ಅಂಚಿನ ಮೇಲು ಚರ್ಮದ ಪಟ್ಟಿ, ಎಷ್ಟು ಅಗಲ ಇದೆ ನೋಡಿ. ಶಾಯಿಗೂ ಚಾಟಿಗೂ ನಡುವೆ ಉಳಿದ ಮೈದಾನದ ಅಗಲ ಬರೆದಿಟ್ಟುಕೊಳ್ಳಿ. ಹಾರ್ಮೋನಿಯಂ ಅಥವಾ ಮೊಬೈಲಿನ ಟ್ಯೂನರ್ ಹಿಡಿದು ಅದು ಯಾವ ಪಟ್ಟಿಯಲ್ಲಿ, ಅಂದರೆ ಯಾವ ಸ್ವರದಲ್ಲಿ, ನಿಂತಿದೆ ಎಂದು ಗುರುತು ಮಾಡಿ. ನಾದ ಬೇಕು ಎಂದು ಬಾಯಿಮಾತಿನಲ್ಲಿ ಹೇಳಿದರೆ ಕುಶಲಕರ್ಮಿಗೆ ಏನೂ ತಿಳಿಯುವುದಿಲ್ಲ. ಶಾಯಿ ಮೂರು ಇಂಚು, ಮೇಲೆ ತೆಳು, ಮೈದಾನ ಅಗಲ ಎಂದರೆ ತಕ್ಷಣ ತಿಳಿಯುತ್ತದೆ. ಹಳೆ ಪುಡಿಯನ್ನು ಬಿಚ್ಚಿದ ಮೇಲೆ ಎಸೆಯಬೇಡಿ ಎಂದು ಮೊದಲೇ ಹೇಳಿ. ಅಲ್ಲೇ ತಿಪ್ಪೆಗೆ ಹೋಗುವುದೇ ರೂಢಿ. ನೆನಪಿಗೂ ಅದು ಬೇಕು, ಅಳತೆಗೂ ಅದೇ ಬೇಕು.

ಶಾಯಿಯ ಬಗ್ಗೆ ಇಷ್ಟು ಒತ್ತಿ ಹೇಳಲು ಕಾರಣ ಇದೆ. ಬರೀ ಚರ್ಮ ಬಿಗಿದ ವಾದ್ಯದ ಉಪಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ, ಅದಕ್ಕೇ ನಗಾರಿಗೆ ನಿಚ್ಚಳ ಸ್ವರ ಇಲ್ಲ. ನಡುವೆ ತೂಕ ಹಾಕಿದಾಗ ಆ ಉಪಸ್ವರಗಳು ಮೂಲ ಸ್ವರದ ಎರಡು ಪಟ್ಟು, ಮೂರು ಪಟ್ಟು ಹೀಗೆ ಸಾಲಾಗಿ ಬಂದು ಕೂಡುತ್ತವೆ. ಸಿ.ವಿ. ರಾಮನ್ 1920ರಲ್ಲೇ ಭಾರತೀಯ ಚರ್ಮವಾದ್ಯಗಳ ಈ ಗುಣದ ಬಗ್ಗೆ ಬರೆದರು. ಅಂದರೆ ಹಿರಿಯರ ಕೈಯ ನಾದ ಎಂದು ನೆನಪಿಟ್ಟುಕೊಂಡದ್ದರಲ್ಲಿ ದೊಡ್ಡ ಪಾಲು ಆ ಕಪ್ಪು ವೃತ್ತದ ಪಾಲು. ಕಬ್ಬಿಣದ ಪುಡಿ, ಮಸಿ, ಹಿಟ್ಟಿನ ಅಂಟು ಕೂಡಿಸಿ ಅರೆದದ್ದನ್ನು ತೆಳುವಾಗಿ ಬಳಿದು, ಆರುವಷ್ಟರಲ್ಲಿ ನಯವಾದ ಕಲ್ಲಿನಿಂದ ತಿಕ್ಕಿ, ಮತ್ತೆ ಮೇಲೊಂದು ಪದರ. ತಿಕ್ಕುವುದು ಹೊಳಪಿಗಲ್ಲ. ತಿಕ್ಕಿದಾಗ ಶಾಯಿಯ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕು ಬೀಳುತ್ತವೆ, ಅದರಿಂದಲೇ ಅದು ಚರ್ಮದ ಜೊತೆ ಬಾಗುತ್ತದೆ. ಅವಸರದಲ್ಲಿ ದಪ್ಪ ಪದರ ಹಾಕಿದ ಶಾಯಿ ಹಲಗೆಯಾಗಿ ನಿಂತುಬಿಡುತ್ತದೆ, ಕೆಲವು ತಿಂಗಳಲ್ಲಿ ಚಕ್ಕೆ ಎದ್ದು ಝರ್ರ್ ಅನ್ನಲು ಶುರು ಮಾಡುತ್ತದೆ.

ಈಗ ಕಟ್ಟಿಗೆ. ಈ ಕಡೆ ಸಿಗುವ ಹಳೆ ತಬಲಾಗಳಲ್ಲಿ ಶೀಶಂ, ಹೊನ್ನೆ, ಖೈರ್ ಮೂರೂ ಇವೆ. ಎತ್ತಿದರೆ ತೋಳಿಗೆ ತಿಳಿಯಬೇಕು. ಮೂರು ಕಿಲೋಗಿಂತ ಕಮ್ಮಿ ಇದ್ದರೆ ಒಳಗೆ ಹುಳ ತಿಂದಿದೆಯೋ ಎಂದು ನೋಡುವುದು ಒಳ್ಳೆಯದು. ಸಿಂಬಿಯ ಸುತ್ತ ಹಿಟ್ಟಿನಂಥ ಧೂಳು ಬೀಳುತ್ತಿದ್ದರೆ ಹುಳ ಇನ್ನೂ ಬದುಕಿದೆ ಎಂದೇ ಅರ್ಥ. ಗೊತ್ತಿದ್ದವರು ತೂತಿಗೆ ಸೂಜಿಯಿಂದ ಸೀಮೆಎಣ್ಣೆಯನ್ನೋ ಹುಳದ ಔಷಧಿಯನ್ನೋ ಬಿಟ್ಟು, ಪೂರ್ತಿ ಆರಿದ ಮೇಲೆ ಮೇಣ ತುಂಬಿ, ಅನಂತರವೇ ಪುಡಿ ಕಟ್ಟುತ್ತಾರೆ. ಆರದೆ ಕಟ್ಟಿದರೆ ಎಣ್ಣೆ ಚರ್ಮಕ್ಕೆ ಹತ್ತಿ ನಾದ ಸತ್ತೇ ಹೋಗುತ್ತದೆ.

ಕೆಲವು ಅಂಗಡಿಗಳಲ್ಲಿ ನಮಗೆ ಸೇರದ ಚಾಳಿ ಒಂದಿದೆ. ಹಳೇದು ಬಂತೆಂದರೆ ಮರಳಕಾಗದ ಹಚ್ಚಿ ಉಜ್ಜಿ, ಮೇಲೆ ವಾರ್ನಿಶ್ ಹೊಡೆದು ಮಿರಿಮಿರಿ ಮಾಡಿ ಕೊಡುತ್ತಾರೆ. ಗಿರಾಕಿ ಖುಷಿಯಾಗುತ್ತಾನೆ, ರೊಕ್ಕವೂ ಹೆಚ್ಚು ಬರುತ್ತದೆ. ಆದರೆ ವಾದಿ ಕೂತು ಕೂತು ಕಟ್ಟಿಗೆಯಲ್ಲಿ ಮೂಡಿದ ಗೆರೆ, ಎಡಗೈ ಆನಿಸಿದಲ್ಲಿ ಕಪ್ಪಾದ ಮೈ, ಬುಡದಲ್ಲಿ ಕೊರೆದ ಹೆಸರೋ ಗುರುತೋ ಇದ್ದರೆ ಅದೂ, ಎಲ್ಲ ಧೂಳಾಗಿ ಹೋಗುತ್ತದೆ. ನೆನಪು ಅಂತ ಇದ್ದದ್ದೇ ಅಲ್ಲಿ. "ಪಾಲಿಶ್ ಬ್ಯಾಡ್ರೀ, ಒರಸಿದ್ರ ಸಾಕು" ಎಂದು ಬಾಯಲ್ಲಿ ಹೇಳಿ ಬಿಡಬೇಡಿ, ಚೀಟಿಯ ಮೇಲೆ ಬರೆಸಿ.

ಅದಕ್ಕಿಂತ ಕೆಟ್ಟದ್ದು ಲೇಥಿಗೆ ಕೊಡುವುದು. ಬಾಯಿಯ ಅಂಚು ಅಲ್ಲಲ್ಲಿ ಮುಕ್ಕಾಗಿರುತ್ತದೆ ಅಥವಾ ಸವೆದು ಏರಿಳಿತ ಬಂದಿರುತ್ತದೆ. ಅಂಚು ಸಪಾಟು ಇಲ್ಲದಿದ್ದರೆ ಎಷ್ಟು ಒಳ್ಳೆಯ ಪುಡಿ ಹಾಕಿದರೂ ಮನೆಮನೆಗೂ, ಅಂದರೆ ಗಜರಾದಲ್ಲಿ ವಾದಿ ಹಾಯುವ ಒಂದೊಂದು ಎಡೆಗೂ, ಸ್ವರ ಬೇರೆಯಾಗುತ್ತದೆ, ಇದು ನಿಜ. ಸುಲಭದ ಉಪಾಯ ಎಂದು ಲೇಥಿನಲ್ಲಿ ಮೇಲಿನ ಕಾಲು ಇಂಚು ಹೆರೆದು ಹಾಕುತ್ತಾರೆ. ತಬಲಾ ಮೇಲೆ ಕಿರಿದು, ಕೆಳಗೆ ಹೋದಂತೆ ಅಗಲ. ಮೇಲೆ ಕಡಿದಷ್ಟೂ ಬಾಯಿ ದೊಡ್ಡದಾಗುತ್ತದೆ, ಅಂಚಿನ ದಪ್ಪವೂ ಬದಲಾಗುತ್ತದೆ. ಹಾರ್ಮೋನಿಯಂನ ಕಪ್ಪು ಮನೆ 1ರಲ್ಲಿ (ಕಪ್ಪು 1) ನಿಲ್ಲುತ್ತಿದ್ದದ್ದು ಬಿಳಿ 1ಕ್ಕೆ ಇಳಿದು, ಮೇಲಕ್ಕೆ ಏರಿಸಿದರೆ ಗಂಟಲು ಬಿಗಿದಂತೆ ನುಡಿಯುತ್ತದೆ. ಸರಿಯಾದ ಕ್ರಮ ನಿಧಾನದ್ದು. ಸಪಾಟಾದ ಗಾಜಿನ ಮೇಲೆ ಮರಳಕಾಗದ ಅಂಟಿಸಿ, ಅಂಚಿಗೆ ಚಾಕ್‌ಪೀಸು ಬಳಿದು, ತಬಲಾ ಬೋರಲು ಹಾಕಿ ಸುತ್ತಿಸಬೇಕು. ಚಾಕ್ ಅಳಿದ ಜಾಗ ಎತ್ತರ, ಉಳಿದ ಜಾಗ ತಗ್ಗು. ಎಲ್ಲ ಕಡೆ ಒಂದೇ ಸಮ ಅಳಿದಾಗ ನಿಲ್ಲಿಸಬೇಕು. ಮುಕ್ಕಾದ ಜಾಗವನ್ನು ಅದೇ ಜಾತಿಯ ಕಟ್ಟಿಗೆಯ ಹೊಟ್ಟು ಮತ್ತು ಅಂಟು ಕಲಸಿ ತುಂಬಬಹುದು. ಕೈಕೆಲಸದವರು ಇದನ್ನು ಕೇಳಿದರೆ ಮಾಡುತ್ತಾರೆ, ಕೇಳದಿದ್ದರೆ ಅರ್ಧ ಜನ ಮಾಡುವುದಿಲ್ಲ. ಎಳೆಗುಂಟ ಬಂದ ಕೂದಲಿನಂಥ ಸೀಳು ಕೆಳಭಾಗದಲ್ಲಿದ್ದರೆ ಹೆದರಬೇಕಿಲ್ಲ. ಅಂಚಿನವರೆಗೆ ಏರಿದ್ದರೆ ಮೊದಲು ಅದನ್ನು ಮುಚ್ಚಿಸಿ, ಇಲ್ಲವಾದರೆ ಪುಡಿಗೆ ಹಾಕಿದ ದುಡ್ಡು ನೀರಿಗೆ.

ಪಟ್ಟಿಯ ವಿಷಯಕ್ಕೂ ಒಂದು ಮಾತು. 5 ಇಂಚಿನ ಬಾಯಿ ಕಪ್ಪು 2ರ ಆಸುಪಾಸು, 5¼ ಆದರೆ ಕಪ್ಪು 1 ಅಥವಾ ಬಿಳಿ 2, 5½ ಆದರೆ ಬಿಳಿ 1 ಅಥವಾ ಕಪ್ಪು 1, 5¾ರಿಂದ 6 ಆದರೆ ಕಪ್ಪು 5 ಅಥವಾ ಬಿಳಿ 7, ಅದಕ್ಕೂ ದೊಡ್ಡದು ಇನ್ನೂ ಕೆಳಗೆ. ಕುಂದಗೋಳದ ಸವಾಯಿ ಗಂಧರ್ವರಿಂದ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿಯವರ ತನಕ ಹಿಂದುಸ್ತಾನಿ ಸಂಗೀತದ ಕಿರಾಣಾ ಘರಾಣೆಯ ಗಾಯನಶೈಲಿ ಬೆಳೆದ ನೆಲ ಇದು. ವಿಲಂಬಿತದ (ನಿಧಾನ ಲಯದ) ಠೇಕಾಕ್ಕೆ ತೂಂ ಉದ್ದಕ್ಕೆ ನಿಲ್ಲಬೇಕು, ಮಾತ್ರೆಮಾತ್ರೆಯ ನಡುವಿನ ಖಾಲಿಯನ್ನು ನಾದವೇ ತುಂಬಬೇಕು. ಹೀಗೆ ಗಾಯನದ ಸಾಥಿಗೆ ಇದ್ದ ಅಗಲ ಬಾಯಿಯ ತಬಲಾವನ್ನು ಮೊಮ್ಮಗ ಭಜನೆಗೆ ಒಯ್ದು ಕಪ್ಪು 3ಕ್ಕೆ ಏರಿಸಿ ಎನ್ನುತ್ತಾನೆ. ಆರು ಇಂಚಿನ ಬಾಯಿಗೆ ಅದು ಏಳೆಂಟು ಪಟ್ಟಿ ಮೇಲೆ. ಗಜರಾ ಹರಿಯುತ್ತದೆ, ಇಲ್ಲವೇ ಚರ್ಮ ಒಡೆಯುತ್ತದೆ. ಒಡೆಯದಿದ್ದರೆ ಟಣ್ ಟಣ್ ಎಂದು ಬೋಳು ನುಡಿಯುತ್ತದೆ. "ಇದು ಆ ಪಟ್ಟಿಗೆ ಆಗೂದುಲ್ರೀ, ಸಣ್ಣ ಬಾಯಿದು ಬ್ಯಾರೆ ತಗೋರಿ" ಎಂದು ಕೆಲಸ ವಾಪಸ್ ಕಳಿಸುವ ಕುಶಲಕರ್ಮಿ ಸಿಕ್ಕರೆ ಬಿಡಬೇಡಿ. ಅಂಥವರೇ ಹೆಚ್ಚು ಅಂಕ ಗಳಿಸಿದ್ದು.

ಕಟ್ಟುವ ಕೆಲಸದಲ್ಲಿ ಕೈಕೆಲಸದವರಿಗೆ ಸಾಟಿ ಇಲ್ಲ. ವಾದಿಯನ್ನು ನೀರಿನಲ್ಲಿ ನೆನೆಸಿ ಮೆತ್ತಗೆ ಮಾಡುತ್ತಾರೆ, ಪುಡಿಯ ಅಂಚನ್ನು ಮಾತ್ರ ತೇವ ಮಾಡಿ ಶಾಯಿಗೆ ಹನಿ ತಾಗದಂತೆ ನೋಡುತ್ತಾರೆ. ಗಜರಾದ ಹದಿನಾರು ಮನೆಗಳಿಂದ ಬುಡದ ಕಡಗಕ್ಕೆ ಒಂದೇ ಉದ್ದನೆಯ ವಾದಿ ಹೊಲಿದಂತೆ ಇಳಿದು ಏರಿ ಹೋಗುತ್ತದೆ, ಒಟ್ಟು ಮೂವತ್ತೆರಡು ಎಳೆ. ಒಂದು ಸುತ್ತು ಎಳೆದು, ಸ್ವಲ್ಪ ಆರಲು ಬಿಟ್ಟು, ಮತ್ತೆ ಮೊದಲಿನಿಂದ ಎಳೆಯಬೇಕು. ಒಂದೇ ಸಲಕ್ಕೆ ಜಗ್ಗಿ ಮುಗಿಸಿದರೆ ಮೊದಲ ಮನೆ ಸಡಿಲ, ಕೊನೆಯ ಮನೆ ಬಿಗಿ. ಅನಂತರ ವಾದಿಯ ಕೆಳಗೆ ಸೇರಿಸುವ ಎಂಟು ಗಟ್ಟಾ (ಕಟ್ಟಿಗೆಯ ದುಂಡು ತುಂಡು), ಒಂದೊಂದರ ಮೇಲೆ ನಾಲ್ಕು ಎಳೆ. ಹಳೆ ಗಟ್ಟಾಗಳು ಸವೆದು ವಾದಿಯ ಗುಂಟ ತಗ್ಗು ಬಿದ್ದಿದ್ದರೂ ಸೀಳಿಲ್ಲವಾದರೆ ಅವನ್ನೇ ಹಾಕಿಸಿ. ಆ ತಬಲಾದ ಹೊಟ್ಟೆಗೆ ಹೊಂದಿಕೊಂಡ ಉದ್ದ ಅವಕ್ಕೆ ಇರುತ್ತದೆ, ಹೊಸವು ಒಂದು ದಪ್ಪ ಒಂದು ತೆಳು ಬರುವುದೇ ಹೆಚ್ಚು.

ಅಂಗಡಿಗಳ ಮೂಲಕ ಹೋದ ಕೆಲಸದಲ್ಲಿ ಕೈ ಯಾರದು ಎಂಬುದೇ ತಿಳಿಯುವುದಿಲ್ಲ. ಒಮ್ಮೆ ಚಂದ ಬಂದದ್ದು ಮುಂದಿನ ಸಲ ಹಾಗೇ ಬರುತ್ತದೆ ಎಂಬ ಖಾತ್ರಿ ಇಲ್ಲ. ಅಳತೆಯ ಚೀಟಿ ಅಂಗಡಿಯಲ್ಲೇ ಉಳಿದು, ಕೆಲಸ ಮಾಡುವವರಿಗೆ ತಬಲಾ ಮಾತ್ರ ತಲುಪುವುದೂ ಉಂಟು. ಒಳ್ಳೆಯ ಅಂಶವೆಂದರೆ ರಸೀದಿ ಕೊಡುತ್ತಾರೆ, ಹೇಳಿದ ದಿನಕ್ಕೆ ಒಂದೆರಡು ದಿನ ಆಚೀಚೆ ಕೈಗೆ ಬರುತ್ತದೆ. ಕೈಕೆಲಸದವರ ಹತ್ತಿರ "ನಾಳಿ ಬರ್ರಿ" ಎಂಬುದು ಎರಡು ವಾರಕ್ಕೂ ಹೋಗಬಹುದು. ಶ್ರಾವಣದ ಭಜನೆ, ಗಣಪತಿ ಹಬ್ಬ ಹತ್ತಿರ ಬಂದಾಗಲಂತೂ ಹೋಗಲೇಬೇಡಿ. ಸುತ್ತಲಿನ ಹಳ್ಳಿಗಳ ಭಜನಾ ಮಂಡಳಿಯವರ ತಬಲಾ-ಡಗ್ಗಾ ಸಾಲಾಗಿ ಬಂದು ಕೂತಿರುತ್ತವೆ, ನಿಮ್ಮದಕ್ಕೆ ಸಿಗಬೇಕಾದ ನಿಧಾನ ಸಿಗುವುದಿಲ್ಲ.

ಹಬ್ಬದ ಗದ್ದಲ ಬಿಟ್ಟರೂ ಮಳೆಗಾಲ ಬೇಡ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಚರ್ಮ ತೇವ ಹೀರಿ ಸಡಿಲವಾಗಿರುತ್ತದೆ. ಆ ಸ್ಥಿತಿಯಲ್ಲಿ ಪಟ್ಟಿಗೆ ತರಬೇಕೆಂದರೆ ಹೆಚ್ಚು ಎಳೆಯಬೇಕು. ದಸರೆ ದಾಟಿ ಒಣ ಗಾಳಿ ಬೀಸತೊಡಗಿದಾಗ ಅದೇ ಚರ್ಮ ತಾನೇ ಬಿಗಿದು ಪಟ್ಟಿ ಏರಿ, ಬೇಸಿಗೆ ಬರುವುದರೊಳಗೆ ಚಾಟಿಯ ಅಂಚಿನಲ್ಲಿ ಸೀಳುತ್ತದೆ. ದೀಪಾವಳಿ ಆದ ಮೇಲೆ ಕಟ್ಟಿಸಿದ ಪುಡಿ ಎರಡೂ ಕಾಲವನ್ನು ತಡೆದುಕೊಳ್ಳುತ್ತದೆ. ಗದಗ, ಹಾವೇರಿ ಕಡೆ ಗಾಳಿ ಇನ್ನೂ ಒಣ. ಧಾರವಾಡದಲ್ಲಿ ಕಟ್ಟಿಸಿ ಗದಗಿಗೆ ಒಯ್ಯುವವರು ಅರ್ಧ ಪಟ್ಟಿ ಕೆಳಗೆ ಇಡಿಸಿಕೊಳ್ಳುವುದು ಜಾಣತನ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತ ತಬಲಾದವರು ಈ ಭಾಗದ ಊರೂರಲ್ಲಿ ಇದ್ದಾರೆ, ವಿಳಾಸ ಬೇಕಾದರೂ ಪಟ್ಟಿಯ ಸಲಹೆ ಬೇಕಾದರೂ ಮೊದಲು ಅವರನ್ನೇ ಕೇಳಬಹುದು.

ಡಗ್ಗಾದ ಕಥೆ ಚಿಕ್ಕದು. ಹಳೆಯವು ತಾಮ್ರದವು, ಕೆಲವಕ್ಕೆ ಎರಡು ತುಂಡು ಬೆಸೆದ ಗೆರೆ ಹೊಟ್ಟೆಯ ಮೇಲೆ ಕಾಣುತ್ತದೆ, ಬಾಯಿ ಒಂಬತ್ತು ಇಂಚಿನ ಆಸುಪಾಸು. ಮೇಲಿನ ನಿಕ್ಕಲ್ ಎದ್ದು ಹೋಗಿದೆ ಎಂದು ಮತ್ತೆ ಲೇಪ ಹಾಕಿಸಲು ಒತ್ತಾಯ ಮಾಡುತ್ತಾರೆ. ಒಪ್ಪಬೇಡಿ. ಲೇಪಕ್ಕೆ ಮುಂಚೆ ಬಫ್ ಮಾಡಲೇಬೇಕು, ಬಫ್ ಮಾಡಿದಷ್ಟೂ ತಗಡು ತೆಳುವಾಗುತ್ತದೆ, ತೂಕ ಇಳಿಯುತ್ತದೆ, ಬೆಸುಗೆಯ ಗೆರೆ ದುರ್ಬಲವಾಗುತ್ತದೆ. ಹೊಟ್ಟೆಯ ಮೇಲಿನ ನೆಗ್ಗು ನಾದಕ್ಕೆ ಅಂಥ ತೊಂದರೆ ಕೊಡುವುದಿಲ್ಲ, ಇರಲಿ ಬಿಡಿ. ಬಾಯಿಯ ಕಂಠ ಸೊಟ್ಟಗಾಗಿದ್ದರೆ ಮಾತ್ರ ತಾಮ್ರದ ಪಾತ್ರೆ ಬಡಿಯುವವರಿಂದ ನೇರ ಮಾಡಿಸಬೇಕು, ಪುಡಿ ಕಟ್ಟುವವರಿಂದಲ್ಲ. ಚರ್ಮ ಆಯ್ದುಕೊಳ್ಳುವಾಗ ಬಿರುಸು ಬೇಡ ಎನ್ನಿ: ಮಣಿಕಟ್ಟು ಒತ್ತಿ ಜಾರಿಸಿದರೆ ಮೀಂಡ ಎಳೆಯಬೇಕು, ಬಿರುಸು ಚರ್ಮದಲ್ಲಿ ಘೆ ಬಂದರೂ ಆ ಜಾರು ಬರುವುದಿಲ್ಲ. ವಾದಿಯ ಬದಲು ನೈಲಾನ್ ಹಗ್ಗ ಅಗ್ಗ, ಬಾಳಿಕೆಯೂ ಹೆಚ್ಚು, ಭಜನೆಗೆ ಅಡ್ಡಿಯಿಲ್ಲ. ಹಳೆ ತಾಮ್ರಕ್ಕೆ ಬೋಲ್ಟ್ ಹಾಕಿಸಲು ಹೋಗಬೇಡಿ, ಕಬ್ಬಿಣದ ಕೊಕ್ಕೆ ಮೈಯೆಲ್ಲ ಗೀರುತ್ತದೆ.

ದರ ಒಬ್ಬೊಬ್ಬರದು ಒಂದೊಂದು. ತಬಲಾದ ಸಾಧಾರಣ ತಯಾರಿ ಪುಡಿ ಕಟ್ಟಿಸಿದರೆ ಹೆಚ್ಚುಕಡಿಮೆ ಸಾವಿರ ರೂಪಾಯಿ ಎಂದು ಹಿಡಿಯಿರಿ, ಅಳತೆ ಕೊಟ್ಟು ಮಾಡಿಸಿದ್ದಕ್ಕೆ ಒಂದೂವರೆಯಿಂದ ಎರಡು ಪಟ್ಟು, ಡಗ್ಗಾಕ್ಕೆ ಇನ್ನೂ ಸ್ವಲ್ಪ ಹೆಚ್ಚು. ವಾದಿ ಹೊಸದಾದರೆ ಬೇರೆ. ಚೌಕಾಶಿ ಮಾಡಿ ಇನ್ನೂರು ಮುನ್ನೂರು ಉಳಿಸಿದರೆ ಅದು ಕಡಿಮೆಯಾಗುವುದು ಶಾಯಿಯ ಪದರದಲ್ಲಿ. ಕೈಕೆಲಸದವರಿಗೆ ಹತ್ತಕ್ಕೆ ಎಂಟು, ಕೆಲಸಕ್ಕೆ ಪೂರ್ತಿ ಅಂಕ, ಸಮಯಕ್ಕೆ ಎರಡು ಕಡಿತ. ಅಂಗಡಿಗಳಿಗೆ ಐದು, ಪಾಲಿಶಿನ ಹಟ ಬಿಟ್ಟರೆ ಆರು ಕೊಡಬಹುದು.

ವಾಪಸ್ ಪಡೆಯುವಾಗ ದುಡ್ಡು ಕೊಡುವ ಮುನ್ನ ಅಲ್ಲೇ ಕೂತು ನೋಡಿ. ಹದಿನಾರು ಮನೆಗಳ ಎದುರು ಒಂದೊಂದಾಗಿ ನಾ ಬಾರಿಸುತ್ತ ಒಂದು ಸುತ್ತು ಬನ್ನಿ, ಸ್ವರ ಎಲ್ಲೂ ಹಾರಬಾರದು. ಹಾರಿದ ಮನೆಯ ಎದುರಿನ ಮನೆಯನ್ನೂ ಪರೀಕ್ಷಿಸಿ, ತಪ್ಪು ಬಹಳ ಸಲ ಅಲ್ಲಿರುತ್ತದೆ. ತೂಂ ಬಾರಿಸಿ ಕೈ ತೆಗೆದಾಗ ನಾದ ನಡುಗದೆ ಇಳಿಯಬೇಕು. ಬೋರಲು ಹಾಕಿ ಮೆಲ್ಲಗೆ ತಟ್ಟಿ. ಕಪ್ಪು ಪುಡಿ ಉದುರಿದರೆ ಶಾಯಿ ಅರೆಬರೆ ತಿಕ್ಕಿದ್ದು. ಗಟ್ಟಾಗಳು ಎಲ್ಲಿ ನಿಂತಿವೆ ನೋಡಿ. ಹೇಳಿದ ಪಟ್ಟಿಯಲ್ಲಿದ್ದೂ ಅವು ಹೊಟ್ಟೆಯ ನಡುವೆ ಇದ್ದರೆ ಮೇಲೆ-ಕೆಳಗೆ ಎರಡೂ ಕಡೆ ಜಾಗ ಉಳಿದಿದೆ. ಆಗಲೇ ಬುಡಕ್ಕೆ ಇಳಿದಿದ್ದರೆ ವಾದಿಯನ್ನು ಸಡಿಲ ಎಳೆದು ಗಟ್ಟಾ ಬಡಿದು ಪಟ್ಟಿ ತೋರಿಸಿದ್ದಾರೆ, ಮುಂದೆ ಏರಿಸಲು ಏನೂ ಉಳಿದಿಲ್ಲ. ಗಜರಾ ಸುತ್ತಿಗೆ ತಿಂದು ಅಂಚಿನಿಂದ ಬಹಳ ಕೆಳಗೆ ಹೋಗಿದ್ದರೂ ಇದೇ ಮಾತು.

ಹೊಸ ಪುಡಿ ಮೊದಲ ಎರಡು ವಾರ ಬಾರಿಸಿದಂತೆ ಹಿಗ್ಗಿ ಪಟ್ಟಿ ಇಳಿಯುತ್ತದೆ. ಅದು ದೋಷವಲ್ಲ. ಆ ಮೇಲೆ ವಾದಿಯನ್ನು ಒಮ್ಮೆ ಮರಳಿ ಎಳೆಸಬೇಕು. ಒಳ್ಳೆಯ ಕೈಕೆಲಸದವರು ಇದಕ್ಕೆ ಬೇರೆ ರೊಕ್ಕ ಕೇಳುವುದಿಲ್ಲ, ಆದರೂ ಮೊದಲೇ ಮಾತಾಡಿಕೊಳ್ಳಿ. ಅಲ್ಲಿಯ ತನಕ ಪಟ್ಟಿ ಸರಿಮಾಡಲು ಗಜರಾಕ್ಕೆ ಸುತ್ತಿಗೆಯ ಸಣ್ಣ ಪೆಟ್ಟು ಸಾಕು, ಗಟ್ಟಾ ಮುಟ್ಟಬೇಡಿ. ಮನೆಗೆ ತಂದ ಮೇಲೆ ಹತ್ತಿಯ ಗವಸಣಿಗೆ ಹಾಕಿ ಗೋಡೆಯಿಂದ ಒಂದು ಗೇಣು ದೂರ ಇಡಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಮಳೆಗಾಲದಲ್ಲಿ ಚರ್ಮಕ್ಕೆ ಬೂಸಲು ಹಿಡಿಯುತ್ತದೆ.